ಎರಡೂವರೆ ಸೂತು

ದೇವಿಕೊಪ್ಪ
೧೨-೩-೧೯೮೪

ವೆಂಕಣ್ಣಾ,

ನಾಗಪುರದಲ್ಲಿ ನೀನು, ವೈನಿ ಆರಾಮವಾಗಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ಈ ಕಾಗದದ ವಿಷಯ ಇವರಿಗೆ ಗೊತ್ತಿಲ್ಲ. ಉತ್ತರವನ್ನು ನನ್ನ ಶಾಲೆಯ ವಿಳಾಸಕ್ಕೇ ಹಾಕು.

ಇವರು ಕಾರು ತಂದಿದ್ದಾರೆ. ನಗಬೇಡ. ಅಳ್ನಾವರದ ಕಟ್ಟಿಗೆ ಅಡ್ಡೆಯೊಂದರಲ್ಲಿ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಇಂಗ್ಲಿಷ್ ಕಾರು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಹಿತ್ತಲಲ್ಲಿ ತಗಡು ಹೊದಿಸಿ ನಿಲ್ಲಿಸಿದ್ದಾರೆ. ಪಂಚಾಯಿತಿ ಕಚೇರಿ ಬಿಟ್ಟು ಬಂದವರೇ ಅಂಗಿ ಕಳಚಿ ಅದರ ಕೆಳಗೆ ಸೇರುತ್ತಾರೆ. ಒಂದು ವರ್ಷದ ಮೇಲೆ ಆಯಿತು, ಈಗ ಅದು ಓಡುತ್ತದೆ.

ಆಟಕ್ಕೆ ಮಾಡಿದ್ದಲ್ಲ ಅಣ್ಣ. ಅತ್ತೆಯವರಿಗೆ ಎರಡೂ ಕಣ್ಣಲ್ಲಿ ಪೊರೆ ಬಂದು ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಹಿಂದೊಮ್ಮೆ ಬಸ್ಸು ಹತ್ತುವಾಗಲೇ ಕಂಡಕ್ಟರ ಗಂಟೆ ಹೊಡೆದುಬಿಟ್ಟ, ಅತ್ತೆ ರಸ್ತೆಗೆ ಬಿದ್ದರು. ಅಂದಿನಿಂದ ಬಸ್ಸೆಂದರೆ ನಡುಗುತ್ತಾರೆ. ಏಪ್ರಿಲ್ ಹದಿನಾರಕ್ಕೆ ಹುಬ್ಬಳ್ಳಿಯಲ್ಲಿ ಆಪರೇಷನ್ ಗೊತ್ತುಪಡಿಸಿದ್ದಾರೆ. "ಅವ್ವನ್ನ ನನ್ನ ಗಾಡಿಯೊಳಗ ಕೂಡಿಸ್ಕೊಂಡು ಹೋಗ್ತೀನಿ," ಎಂದು ಇವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಈಗ ವಿಷಯ. ಟಾಕಿಯಿಂದ ಇಂಜಿನ್ನಿಗೆ ಪೆಟ್ರೋಲು ತರುವ ತಾಮ್ರದ ಪೈಪು ಇಂಜಿನ್ನಿನ ಹತ್ತಿರ ಸೀಳಿದೆ. ಅಷ್ಟು ತುಂಡನ್ನು ಕತ್ತರಿಸಿ ತೆಗೆದಿದ್ದಾರೆ, ನಡುವೆ ರಬ್ಬರ್ ಪೈಪು ಹಾಕಿ ಜೋಡಿಸಬೇಕಂತೆ. ಗಾಡಿ ಏರಿನಲ್ಲಿ ತಿಣುಕಿ ತಿಣುಕಿ ನಿಲ್ಲುತ್ತಿತ್ತು. ಪೈಪು ಸಣ್ಣದಾದ್ದರಿಂದಲೇ ಹೀಗೆ, ದೊಡ್ಡದು ಹಾಕಿದರೆ ಪೆಟ್ರೋಲು ಹೆಚ್ಚು ಬಂದು ಗಾಡಿ ಎಳೆಯುತ್ತದೆ ಎಂದು ಇವರ ವಾದ. ನನಗೆ ಹೌದೆನಿಸುವುದಿಲ್ಲ. ನೀನು ಹುಟ್ಟಾ ಮೋಟಾರು ವರ್ಕ್‌ಶಾಪಿನವನು. ಎಷ್ಟು ಅಳತೆಯದು ಹಾಕಬೇಕು ಹೇಳು. ಕತ್ತರಿಸಿದ ತುಂಡನ್ನು ನಾನೇ ಶಾಲೆಯ ಕೈವಾರದಿಂದ ಅಳೆದೆ. ಎರಡು ಸೂತು ಇದೆ, ಅಂದರೆ ಕಾಲು ಇಂಚು.

ಪೆಟ್ರೋಲಿನ ವಾಸನೆ ಬಂದರೆ ನನಗೆ ಅನ್ನ ಇಳಿಯುವುದಿಲ್ಲ. ನಮ್ಮ ಶಾಲೆಯಲ್ಲಿ ಕಲಿಸುತ್ತಿದ್ದ ರೇಣುಕವ್ವ ಬಾಯಿಯವರು ಸ್ಟೋವು ಸಿಡಿದು ತೀರಿಹೋದದ್ದು ನಿನಗೆ ಬರೆದಿದ್ದೆನಲ್ಲ. ಬೇಗ ಉತ್ತರ ಕೊಡು.

ನಿನ್ನ ತುಳಸಾ


ನಾಗಪುರ
೨೨-೩-೧೯೮೪

ತುಳಸಾ,

ನಿನ್ನ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೆಲಸದ ಗಡಿಬಿಡಿಯಲ್ಲಿ ನನಗೆ ಪುರುಸೊತ್ತಿಲ್ಲ. ನಾನು ಹೇಳುತ್ತೇನೆ, ನಿನ್ನ ವೈನಿ ಭೀಮಾ ಬರೆಯುತ್ತಿದ್ದಾಳೆ.

ಪೈಪು ದೊಡ್ಡದು ಮಾಡಿದರೆ ಗಾಡಿಗೆ ಶಕ್ತಿ ಬರುವುದಿಲ್ಲ. ಪಂಪು ಎಷ್ಟು ಎತ್ತುತ್ತದೋ ಅಷ್ಟೇ ಇಂಜಿನ್ನಿಗೆ ಹೋಗುವುದು. ಅಗಲದ ಪೈಪಿನಲ್ಲಿ ಪೆಟ್ರೋಲು ನಿಧಾನವಾಗಿ ಸರಿಯುತ್ತದೆ, ಇಂಜಿನ್ನಿನ ಹತ್ತಿರ ಇನ್ನಷ್ಟು ಹೊತ್ತು ಕಾಯುತ್ತದೆ, ಕಾದು ಆವಿಯಾಗುತ್ತದೆ. ಆವಿಯನ್ನು ಪಂಪು ಎತ್ತಲಾರದು. ಏರಿನಲ್ಲಿ ಗಾಡಿ ನಿಲ್ಲುವುದು ಅದಕ್ಕೇ. ಪೈಪನ್ನು ಹೊಗೆ ಕೊಳವೆಯಿಂದ ದೂರ ಸರಿಸಿ ಕಟ್ಟಲು ಹೇಳು, ಸಾಕು. ಕಂಪನಿಯವರು ಇಟ್ಟ ಅಳತೆ ಬದಲಿಸಬಾರದು. ಎರಡು ಸೂತು ಇದ್ದರೆ ಎರಡು ಸೂತಿನದೇ ತನ್ನಿ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಕೇಳಿ ತನ್ನಿ, ನೀರಿನದು ಬೇಡ.

ನೀನು ಚಿಕ್ಕವಳಿದ್ದಾಗ ದೀಪಾವಳಿಯ ಸುರಸುರಬತ್ತಿಗೂ ಹೆದರಿ ಅಟ್ಟದ ಮೇಲೆ ಕೂತವಳು. ಪಾಂಡುರಂಗರಾಯರು ಕೈಯ ಕೆಲಸದಲ್ಲಿ ಜಾಣರು. ಸುಮ್ಮನೆ ಜೀವ ಹಿಂಡಿಕೊಳ್ಳಬೇಡ. ನಿಮ್ಮ ಅತ್ತೆಯವರಿಗೆ ಕಣ್ಣು ಬಂದ ಮೇಲೆ ಅದೇ ಗಾಡಿಯಲ್ಲಿ ಎಲ್ಲರೂ ನಾಗಪುರಕ್ಕೇ ಬನ್ನಿ.

ವೆಂಕಣ್ಣ


ದೇವಿಕೊಪ್ಪ
೨-೪-೧೯೮೪

ವೆಂಕಣ್ಣಾ,

ನಿನ್ನ ಕಾಗದ ಶಾಲೆಗೆ ಬರಲಿಲ್ಲ, ಮನೆಗೆ ಬಂತು. ವೈನಿಯವರು ರೂಢಿಯ ಮೇಲೆ ಮನೆಯ ವಿಳಾಸವನ್ನೇ ಬರೆದಿದ್ದಾರೆ. ಇವರು ಮೊದಲು ಓದಿದರು. ನಾನು ಬರುವಾಗ ಕಟ್ಟೆಯ ಮೇಲೆ ಕೂತಿದ್ದರು, ಕಾಗದ ತೊಡೆಯ ಮೇಲಿತ್ತು.

"ನನ್ನ ಬಿಟ್ಟು ನಿಮ್ಮಣ್ಣನ್ನ ಕೇಳೋ ಹಂಗ ಆತೇನು?" ಎಂದರು. ಅಷ್ಟೇ. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

ಆದರೂ ಹುಬ್ಬಳ್ಳಿಗೆ ಹೋಗಿ ನೀನು ಹೇಳಿದಂತೆ ಎರಡು ಸೂತಿನ ರಬ್ಬರನ್ನೇ ತಂದರು. ಅದು ತಾಮ್ರದ ಪೈಪಿನ ಮೇಲೆ ಏರಲೇ ಇಲ್ಲ ಅಣ್ಣ. ಬಿಸಿನೀರಿನಲ್ಲಿ ನೆನೆಸಿದರು, ಸಾಬೂನು ಹಚ್ಚಿದರು. ಬೆರಳ ತುದಿ ಕೆಂಪಾಗುವ ತನಕ ಒತ್ತಿದರು. ಕೊನೆಗೆ ಅದನ್ನು ಹಿತ್ತಲ ಬೇಲಿಯಾಚೆ ಎಸೆದು, "ನಾಗಪುರದಾಗ ಕೂತು ಅಳತಿ ಹೇಳೋದು ಸಸಾರ ಅದ," ಎಂದರು. ಮರುದಿನ ಮತ್ತೆ ಹೋಗಿ ತಮ್ಮ ಮನಸ್ಸಿನಲ್ಲಿದ್ದ ಮೂರು ಸೂತಿನದನ್ನೇ ತಂದು ಹಾಕಿದ್ದಾರೆ. ಅದು ಸಲೀಸಾಗಿ ಏರಿತು, ಸ್ವಲ್ಪ ಸಡಿಲವೇ ಆಯಿತು. ಕ್ಲಿಪ್ಪು ಹಾಕಿ ಬಿಗಿದಿದ್ದಾರೆ. ಈಗ ಗಾಡಿ ಓಡುತ್ತಿದೆ, ಕಲಘಟಗಿಯವರೆಗೂ ಹೋಗಿ ಬಂದರು.

ವಾಸನೆ ಮೊದಲಿಗಿಂತ ಹೆಚ್ಚಾಗಿದೆ ಎಂದು ನನಗನ್ನಿಸುತ್ತದೆ. "ಹೊಸಾ ರಬ್ಬರ್ ಅದ, ಹಂಗ ನಾರ್ತದ," ಎನ್ನುತ್ತಾರೆ. ಕೆಳಗೆ ನೆಲ ಒದ್ದೆಯಾಗಿದೆಯೇ ಎಂದು ನಾನು ಮುಟ್ಟಿ ಮುಟ್ಟಿ ನೋಡುತ್ತೇನೆ. ಆಗಿರುವುದಿಲ್ಲ. ನನ್ನ ಮೂಗೇ ಸುಳ್ಳು ಹೇಳುತ್ತಿದೆಯೋ ಏನೋ. ನಿನ್ನನ್ನು ಇನ್ನು ಇದರಲ್ಲಿ ಎಳೆಯುವುದಿಲ್ಲ. ಹದಿನಾರರ ಬೆಳಿಗ್ಗೆ ಹೊರಡುತ್ತೇವೆ, ನಾನು, ಇವರು, ಅತ್ತೆ.

ಒಂದು ಮಾತು. ತಂಗಿಗೆ ನಾಲ್ಕು ಸಾಲು ಸ್ವಂತ ಕೈಯಿಂದ ಬರೆಯಲಿಕ್ಕೂ ಪುರುಸೊತ್ತಿಲ್ಲದಷ್ಟು ದೊಡ್ಡವನಾದೆಯಾ? ವೈನಿಯವರು ಬೇಸರ ಮಾಡಿಕೊಳ್ಳದಿರಲಿ. ನಿನ್ನ ಅಕ್ಷರ ನೋಡಿದರೆ ನನಗೆ ಧೈರ್ಯ ಬರುತ್ತಿತ್ತು, ಅದಕ್ಕೆ ಹೇಳಿದೆ.

ತುಳಸಾ


ನಾಗಪುರ
೧೦-೪-೧೯೮೪

ತುಳಸಾ,

ನಿನ್ನ ಕಾಗದ ಈಗ ಬಂತು. ಮೊದಲು ತಂತಿ ಕಳಿಸಿ ಬಂದು ಇದನ್ನು ಹೇಳಿ ಬರೆಸುತ್ತಿದ್ದೇನೆ. ಗಾಡಿ ಚಾಲೂ ಮಾಡಬೇಡಿ. ಎಲ್ಲಿ ನಿಂತಿದೆಯೋ ಅಲ್ಲೇ ಇರಲಿ. ಹಿತ್ತಲಿನಿಂದ ಹೊರಗೆ ತೆಗೆಯಬೇಕಾದರೂ ಕೈಯಿಂದ ತಳ್ಳಿ ತೆಗೆಯಿರಿ.

ಎರಡರದು ಏರಲಿಲ್ಲ ಎಂದರೆ ನೀನು ಅಳೆದದ್ದು ಪೈಪಿನ ಒಳಗಿನ ತೂತು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಲೋಹದ ಪೈಪನ್ನು ಹೊರಮೈಯಿಂದ ಅಳೆಯುತ್ತಾರೆ, ರಬ್ಬರನ್ನು ಒಳಗಿನ ತೂತಿನಿಂದ. ನಿಮ್ಮ ತಾಮ್ರದ ಪೈಪಿನ ತೂತು ಎರಡು ಸೂತು ಇದ್ದರೆ ಹೊರಮೈ ಎರಡೂವರೆ ಸೂತು ಇರುತ್ತದೆ. ರಬ್ಬರಿನ ತೂತೂ ಎರಡೂವರೆಯೇ ಇರಬೇಕು. ಎರಡರದು ಏರುವುದಿಲ್ಲ, ಅದು ಪಾಂಡುರಂಗರಾಯರ ತಪ್ಪಲ್ಲ. ಮೂರರದು ಏರುತ್ತದೆ, ಆದರೆ ಹಿಡಿಯುವುದಿಲ್ಲ. ಸಡಿಲ ರಬ್ಬರಿನ ಮೇಲೆ ಕ್ಲಿಪ್ಪು ಬಿಗಿದರೆ ರಬ್ಬರು ಒಂದು ಕಡೆ ಮಡಿಕೆ ಬೀಳುತ್ತದೆ. ಆ ಮಡಿಕೆಯ ಕೆಳಗೆ ಸಂದಿ ಉಳಿಯುತ್ತದೆ. ಗಾಡಿ ತಣ್ಣಗಿದ್ದಾಗ ಒಂದು ಹನಿಯೂ ಸೋರುವುದಿಲ್ಲ, ನೆಲ ಮುಟ್ಟಿ ನೋಡಿದರೆ ಒಣಗಿಯೇ ಇರುತ್ತದೆ. ಕಾದ ಮೇಲೆ ಸೋರುತ್ತದೆ. ಸೋರಿದ್ದು ಬೀಳುವುದು ಸುಡುವ ಹೊಗೆ ಕೊಳವೆಯ ಮೇಲೆ. ನಿನ್ನ ಮೂಗು ಸುಳ್ಳು ಹೇಳಿಲ್ಲ ತುಳಸಾ.

ನನಗೆ ಇದು ಹೇಗೆ ಇಷ್ಟು ಗೊತ್ತು ಎಂದರೆ, ಫೆಬ್ರವರಿಯಲ್ಲಿ ನಮ್ಮ ವರ್ಕ್‌ಶಾಪಿಗೆ ಬಂದ ಗಾಡಿಯೊಂದರಲ್ಲಿ ಯಾರೋ ಹೀಗೇ ಬಿಗಿದಿದ್ದರು. ನಾನು ಬಾನೆಟ್ಟು ಎತ್ತಿ ಒಳಗೆ ಕೈ ಹಾಕಿದ್ದೆ. ಎರಡೂ ಕೈ ಸುಟ್ಟವು. ಈಗ ಅರಿವೆ ಸುತ್ತಿದ್ದಾರೆ. ಊಟವನ್ನೂ ನಿನ್ನ ವೈನಿಯೇ ಮಾಡಿಸುತ್ತಾಳೆ. ನೀನು ಅಂಜುವವಳೆಂದು ತಿಳಿಸಿರಲಿಲ್ಲ. ಮೇಲಾಗಿ ನಿನ್ನ ಅಂಜಿಕೆಗೆ ನಕ್ಕುಬಿಟ್ಟೆ. ಅದನ್ನು ನೆನೆದರೆ ಈಗ ಕೂತಲ್ಲಿ ಕೂರಲಾಗುತ್ತಿಲ್ಲ.

ಗಾಡಿ ಬೇಡ. ಬಸ್ಸಿಗೆ ಹೋಗಿ, ಎತ್ತಿನ ಬಂಡಿಗೆ ಹೋಗಿ, ಆಪರೇಷನ್ ಮುಂದಕ್ಕೆ ಹೋದರೂ ಹೋಗಲಿ. ಈ ಕಾಗದ ಹದಿನಾರರೊಳಗೆ ಮುಟ್ಟುತ್ತದೋ ಇಲ್ಲವೋ. ತಂತಿ ಮುಟ್ಟಿರುತ್ತದೆ. ಮುಟ್ಟಿದ್ದಕ್ಕೆ ಒಂದು ತಂತಿ ಹಾಕು.

ವೆಂಕಣ್ಣ


ನಾಗಪುರ
೧೮-೪-೧೯೮೪

ತುಳಸಾ,

ತಂತಿಗೆ ಉತ್ತರ ಬಂದಿಲ್ಲ. ನಿನ್ನೆ ಇನ್ನೊಂದು ಹಾಕಿಸಿದೆ. ಅದು ಮುಟ್ಟಿಲ್ಲ, ಮನೆಗೆ ಬೀಗ ಹಾಕಿದೆ ಎಂದು ತಂತಿ ಕಚೇರಿಯವರಿಂದ ತಿಳಿಯಿತು. ಬೀಗ ಹಾಕಿದೆ ಎಂದರೆ ಹೊರಟಿದ್ದೀರಿ. ಹೇಗೆ ಹೊರಟಿರಿ? ಬಸ್ಸಿಗೆ ತಾನೆ?

ಒಂದೇ ಶಬ್ದ ಬರೆ. ಯಾರ ಕೈಯಿಂದಾದರೂ ಬರೆಸು.

ವೆಂಕಣ್ಣ

(ತುಳಸಾ, ಇದು ನಾನೇ, ಭೀಮಾಬಾಯಿ, ಸೇರಿಸುತ್ತಿದ್ದೇನೆ. ಟಪಾಲಿನವ ಬರುವ ಹೊತ್ತಿಗೆ ಇವರು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅವನು ನಮ್ಮ ಮನೆ ದಾಟಿ ಹೋದ ಮೇಲೂ ಅಲ್ಲೇ ನಿಂತಿರುತ್ತಾರೆ. ನಿನ್ನೆ, "ಆ ಗಾಡಿಗೆ ಎರಡ ಬಾಗಲಾ, ಭೀಮಾ," ಎಂದು ಹೇಳಿ ಗೋಡೆಗೆ ಹಣೆ ಹಚ್ಚಿ ನಿಂತರು. ನಿಮ್ಮ ಸುದ್ದಿ ಬೇಗ ತಿಳಿಸು.)


ಹುಬ್ಬಳ್ಳಿ
೧೯-೪-೧೯೮೪

ವೆಂಕಣ್ಣಾ,

ಮೂವರೂ ಜೀವದಿಂದ ಇದ್ದೇವೆ. ಮೊದಲು ಇದನ್ನು ಓದಿ ನೀರು ಕುಡಿದು ಮುಂದೆ ಓದು.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಹತ್ತನೆಯ ತಾರೀಖಿನ ಕಾಗದ ಇಂದು ನಮ್ಮ ಶಾಲೆಯ ಮಾಸ್ತರರೊಬ್ಬರು ತಂದುಕೊಟ್ಟರು. ನಿನ್ನ ಕೈಯ ಸುದ್ದಿ ಅದರಲ್ಲೇ ಓದಿದೆ. ಸ್ವಂತ ಕೈಯಿಂದ ಬರೆಯುವುದಿಲ್ಲವೆಂದು ನಾನು ಚುಚ್ಚಿದ ಆ ಮಾತನ್ನು ಮರೆತುಬಿಡು.

ಹದಿನಾರರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೊರಟೆವು. ಅತ್ತೆಯವರು ಹಿಂದಿನ ಸೀಟಿನಲ್ಲಿ, ನಾನು ಮುಂದೆ. ಅತ್ತೆಗೆ ಬಹಳ ಖುಷಿ. "ಗಾಳಿ ಚೊಲೋ ಬರ್ಲಿಕ್ಕತ್ತದ," ಎನ್ನುತ್ತಿದ್ದರು. ಕಲಘಟಗಿ ದಾಟುವವರೆಗೆ ಏನೂ ಇಲ್ಲ. ಆಮೇಲೆ ವಾಸನೆ ಬಂತು. ಈ ಸಲ ಮೂಗಿಗಷ್ಟೇ ಅಲ್ಲ, ಬಾಯಿಯೊಳಗೂ ಬಂತು, ನಾಲಿಗೆ ಕಹಿಯಾಯಿತು.

"ನಿಲ್ಲಸ್ರಿ," ಎಂದೆ.

"ಇದೊಂದು ಏರು ಹತ್ತಿಸಿ ನಿಲ್ಲಸ್ತೀನಿ. ನಡುವ ನಿಂತ್ರ ಮತ್ತ ಚಾಲೂ ಆಗೂದಿಲ್ಲ."

ಇವರ ಕೈ ನೋಡಿದೆ. ಸ್ಟೀರಿಂಗ್ ಹಿಡಿದ ಬೆರಳು ಬೆಳ್ಳಗಾಗಿದ್ದವು. ಇವರಿಗೂ ವಾಸನೆ ಬಂದಿದೆ ಎಂದು ನನಗೆ ಆಗ ತಿಳಿಯಿತು. ಏರಿನ ನಡುವೆಯೇ ಗಾಡಿ ತಿಣುಕಿ ನಿಂತುಬಿಟ್ಟಿತು. ಮೇಲಿನಿಂದ ಕುರಿಯ ಹಿಂಡೊಂದು ಇಳಿದು ಬರುತ್ತಿತ್ತು. ನಾನು ಇಳಿಯೋಣ ಎಂದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಇವರು ಮತ್ತೆ ಚಾಲೂ ಮಾಡಲು ಗುಂಡಿ ಎಳೆದರು.

ದೊಡ್ಡ ಸಪ್ಪಳವೇನೂ ಆಗಲಿಲ್ಲ ಅಣ್ಣ. ಯಾರೋ ಒದ್ದೆ ಬಟ್ಟೆ ಜಾಡಿಸಿದಂತೆ ಒಂದು ಸಪ್ಪಳ. ಬಾನೆಟ್ಟಿನ ಅಂಚಿನಿಂದ ಹೊಗೆ ಬಂತು, ಅದರ ಹಿಂದೆಯೇ ಬಣ್ಣ ಮಾಸಿದಂಥ ಬೆಂಕಿ. ಬಿಸಿಲಿನಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ. ಗಾಳಿ ನಡುಗಿದಂತೆ ಕಾಣುತ್ತದೆ. ಇವರು ಜಿಗಿದು ಹೋಗಿ ಬಾನೆಟ್ಟು ಎತ್ತಿದರು. ಉರಿ ಎದ್ದು ಇವರ ಬಲಗೈಯನ್ನು ನೆಕ್ಕಿತು.

ನಾನು ಇಳಿದು ಸೀಟು ಮಡಚಲು ಹೋದೆ. ಮಡಚಲಿಲ್ಲ. ಅದರ ಕೊಂಡಿ ಮುರಿದಿತ್ತು, ಇವರು ಕಬ್ಬಿಣದ ತಂತಿ ಸುತ್ತಿ ಕೂರಿಸಿದ್ದರು. ಆ ತಂತಿಯ ಗಂಟು ಬಿಡಿಸಬೇಕು, ಉಗುರು ಹಾಕಿ ಜಗ್ಗುತ್ತಿದ್ದೇನೆ. ಹೊಗೆ ಒಳಗೆ ಬರುತ್ತಿದೆ. ಅತ್ತೆ ಹಿಂದೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

"ಯಾಕ ನಿಂತ್ವಿ ಪಾಂಡೂ? ಹುಬ್ಬಳ್ಳಿ ಬಂತೇನು?"

ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

"ತುಳಸಾ? ಏನ್ ಸುಡ್ಲಿಕ್ಕತ್ತದ?"

ಗಂಟು ಬಿಡಿಸಿದೆನೋ, ತಂತಿಯೇ ಹರಿಯಿತೋ ಗೊತ್ತಿಲ್ಲ. ಬೆರಳ ಸಂದಿಯಲ್ಲಿ ಇನ್ನೂ ಗಾಯವಿದೆ. ಸೀಟು ಮುಂದಕ್ಕೆ ಬಿತ್ತು. ಅತ್ತೆಯ ಕಂಕುಳಲ್ಲಿ ಕೈಕೊಟ್ಟು ಎಳೆದೆ. ಕಾಣದವರು, ಎಳೆದರೆ ಗಾಬರಿಯಾಗಿ ಸೀಟಿನ ಅಂಚು ಗಟ್ಟಿ ಹಿಡಿದುಕೊಂಡರು. ನಾನು ಎಳೆದಷ್ಟೂ ಅವರು ಹಿಡಿದರು. ಆಗ ಕುರಿ ಕಾಯುವವನು ಕೋಲು ಬಿಸಾಡಿ ಓಡಿ ಬಂದ. ಮಾಳಪ್ಪ ಎಂದು ಹೆಸರು, ಆಮೇಲೆ ಗೊತ್ತಾದದ್ದು. "ಬಿಡಬೇ ಯವ್ವಾ, ಕೈ ಬಿಡು! ನಾ ಹಿಡದೇನಿ!" ಎಂದು ಅತ್ತೆಯ ಬೆರಳು ಒಂದೊಂದಾಗಿ ಬಿಡಿಸಿ, ಕೂಸನ್ನು ಎತ್ತುವಂತೆ ಎತ್ತಿ ಹೊರಗೆ ತಂದ.

ಇವರು ಮುಂದೆ ಕೈಯಿಂದಲೇ ಮಣ್ಣು ಬಾಚಿ ಎರಚುತ್ತಿದ್ದರು. ರಸ್ತೆಯ ಮಣ್ಣು ಗಟ್ಟಿ, ಉಗುರಿಗಷ್ಟೇ ಬರುತ್ತಿತ್ತು. ನನಗೆ ಏನು ತೋಚಿತೋ, ಮಾಳಪ್ಪನ ಹೆಗಲ ಮೇಲಿನ ಕಂಬಳಿ ಕಿತ್ತುಕೊಂಡು ಓಡಿದೆ. ಅವನು, "ಯಕ್ಕಾ, ಹೋಗಬ್ಯಾಡ!" ಎಂದು ಕೂಗಿದ. ಕಂಬಳಿಯನ್ನು ಇಂಜಿನ್ನಿನ ಮೇಲೆ ಹಾಕಿ ಮೈಯೆಲ್ಲ ಭಾರ ಬಿಟ್ಟು ಒತ್ತಿದೆ. ಸುರಸುರಬತ್ತಿಗೆ ಹೆದರಿ ಅಟ್ಟ ಹತ್ತಿದವಳೇ ಹೀಗೆ ಮಾಡಿದ್ದು ಎಂದು ನನಗೇ ನಂಬಿಕೆ ಬರುವುದಿಲ್ಲ. ಧೈರ್ಯ ಬಂತೆಂದು ತಿಳಿಯಬೇಡ. ಕಣ್ಣು ಮುಚ್ಚಿಕೊಂಡೇ ಒತ್ತಿದ್ದೆ. ಉಣ್ಣೆ ಸೀದು ನಾರಿತು, ಉರಿ ಒಳಗೇ ಸತ್ತಿತು. ಮಾಳಪ್ಪ ತಾಮ್ರದ ಪೈಪನ್ನು ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿ ಸೋರುವುದನ್ನು ನಿಲ್ಲಿಸಿದ. ಕಂಬಳಿ ಹಾಳಾಯಿತಲ್ಲ ಎಂದು ನಾನು ಅತ್ತರೆ, "ಇನ್ನೊಂದು ನೇಯ್ಕೋತೀವಿ, ಮನಿಶಾರ್ನ ನೇಯಾಕ ಬರತೈತೇನ?" ಎಂದ. ಅವನೇ ಲಾರಿಯೊಂದನ್ನು ತಡೆದು ನಮ್ಮನ್ನು ಹತ್ತಿಸಿದ.

ಇವರ ಬಲಗೈ ಮೊಣಕೈವರೆಗೆ ಸುಟ್ಟಿದೆ. ಉಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಅತ್ತೆಗೆ, ಇವರ ಕೈಗೆ ಚೂರು ಚುರುಕು ಮುಟ್ಟಿದೆ ಅಷ್ಟೇ ಎಂದು ಹೇಳಿದ್ದೇವೆ. ಆಪರೇಷನ್ ಮುಂದಕ್ಕೆ ಹೋಯಿತು.

ನಿನ್ನೆ ಇವರು ತಾವಾಗಿಯೇ ಹೇಳಿದರು. "ತುಳಸಾ, ವೆಂಕಣ್ಣಂದು ತಂತಿ ಬಂದಿತ್ತು. ಕಚೇರಿಯೊಳಗ ನನ್ನ ಕೈಗೇ ಕೊಟ್ರು. ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಇತ್ತು."

"ಯಾಕ ಹೇಳ್ಲಿಲ್ಲ?"

"ನನ್ನ ಗಾಡಿಗೆ ಅಂವ ಯಾರು ಹೇಳಾಂವ, ಅನ್ನಿಸ್ತು."

ನಾನು ಎದ್ದು ಹೊರಗೆ ಬಂದೆ. ಇನ್ನೂ ಮಾತಾಡಿಲ್ಲ. ಊಟ ಮಾಡಿಸುತ್ತೇನೆ, ಔಷಧ ಕೊಡುತ್ತೇನೆ. ಅಷ್ಟೇ.

ತುಳಸಾ


ನಾಗಪುರ
೨೭-೪-೧೯೮೪

ತುಳಸಾ,

ನಿನ್ನ ಕಾಗದವನ್ನು ಭೀಮಾ ಎರಡು ಸಲ ಓದಿ ಹೇಳಿದಳು. ಮೂರನೆಯ ಸಲ ಓದು ಎಂದರೆ ಅವಳೇ ಅಳಲು ಕೂತಳು.

ಪಾಂಡುರಂಗರಾಯರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ತಂತಿಯ ಮಾತನ್ನೂ ನಾನೇ ಮತ್ತೆ ನೆನೆದುಕೊಂಡೆ. ಹುಕುಂ ಕೊಟ್ಟಂತೆ ಇತ್ತು. ಬೆಂಕಿ ಎಂಬ ಒಂದು ಶಬ್ದ ಅದರಲ್ಲಿರಲಿಲ್ಲ, ನನ್ನ ಕೈಯ ಸುದ್ದಿ ಇರಲಿಲ್ಲ. ಅವರಿಗೆ ತಿಳಿಯುವುದಾದರೂ ಹೇಗೆ?

ಒಂದು ಮಾತು ನೆನಪಿಡು. ಸುಟ್ಟ ಕೈಯ ಬೆರಳು ಮಡಚಿಕೊಂಡು ಮಲಗಲು ಬಿಡಬೇಡ. ನೋವೆಂದು ಬಯ್ದರೂ ಬಿಡಿಸಿ ಇಡಿಸು. ನಾನು ಬಿಡಿಸಲಿಲ್ಲ, ನನ್ನ ಎಡಗೈಯ ಎರಡು ಬೆರಳು ಹಾಗೇ ನಿಂತುಬಿಟ್ಟಿವೆ. ಇದನ್ನು ಅವರಿಗೆ ಓದಿ ಹೇಳು. ಹೇಳಬೇಕಾದರೆ ನೀನು ಮಾತಾಡಲೇಬೇಕು.

ಎರಡೂವರೆ ಸೂತಿನ ರಬ್ಬರ್ ಪೈಪು ಬೇರೆ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ. ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ವೆಂಕಣ್ಣ


ದೇವಿಕೊಪ್ಪ
೧೭-೬-೧೯೮೪

ವೆಂಕಣ್ಣಾ,

ಮಳೆ ಹಿಡಿದಿದೆ. ಹೊಲಗಳಲ್ಲಿ ಭತ್ತದ ಬಿತ್ತನೆ ನಡೆದಿದೆ.

ನೀನು ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ದಿನಾ ನಾನೇ ಬೆರಳು ಬಿಡಿಸುತ್ತಿದ್ದೆ. ಮೊದಮೊದಲು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದರು. ಒಂದು ದಿನ, "ತುಳಸಾ, ಆ ಏರಿನ್ಯಾಗ ನನಗೂ ವಾಸನಿ ಬಂದಿತ್ತು. ಅಂಜಿಕಿ ಆಗಿತ್ತು. ಅಂಜಿಕಿ ಆಗೇದ ಅಂತ ನಿನ್ನ ಮುಂದ ಹೇಳಲಿಕ್ಕೆ ನಾಚಿಕಿ ಬಂತು," ಎಂದರು. ಅಂದಿನಿಂದ ನಮ್ಮ ಮಾತು ಶುರುವಾಯಿತು. ಬೆರಳು ಈಗ ಪೂರಾ ಮಡಚಿಕೊಳ್ಳುತ್ತವೆ, ಬಿಚ್ಚಿಕೊಳ್ಳುತ್ತವೆ.

ಅತ್ತೆಯವರ ಒಂದು ಕಣ್ಣಿನ ಆಪರೇಷನ್ ಮೇ ಕೊನೆಗೆ ಆಯಿತು. ಬಸ್ಸಿಗೇ ಕರೆದುಕೊಂಡು ಹೋದೆವು. ನಾನು ಮೊದಲು ಹತ್ತಿ ಕಂಡಕ್ಟರನ ಕೈ ಹಿಡಿದು ನಿಂತೆ, ಅವರು ಹತ್ತುವವರೆಗೆ ಬಿಡಲಿಲ್ಲ. ಪಟ್ಟಿ ಬಿಚ್ಚಿದ ದಿನ ಅವರು ನನ್ನ ಮುಖ ನೋಡಿದರು, ಕಿಟಕಿ ನೋಡಿದರು. ಇವರು ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು.

"ಕೈ ಮುಂದ ತಾ," ಎಂದರು ಅತ್ತೆ.

ಇವರು ತರಲಿಲ್ಲ. ಅತ್ತೆಯೇ ಹಿಡಿದು ಎಳೆದು ಬೆಳಕಿಗೆ ಒಡ್ಡಿ ನೋಡಿದರು. ಸುಕ್ಕುಗಟ್ಟಿ ಹೊಳೆಯುವ ಆ ಚರ್ಮದ ಮೇಲೆ ಬೆರಳು ಆಡಿಸಿದರು.

"ಇಷ್ಟು ಸುಟ್ಟಿತ್ತು. ನನಗ ಚೂರು ಚುರುಕು ಅಂದ್ರಿ."

"ನಿನಗ ಅಂಜಿಕಿ ಆದೀತು ಅಂತ, ಅವ್ವಾ."

"ಅವತ್ತು ಗಾಡಿಯೊಳಗ ನಾ ಅಂಜಿಲ್ಲಂತ ತಿಳದೀರೇನು? ಯಾಕ ನಿಂತ್ವಿ, ಏನು ಸುಡ್ಲಿಕ್ಕತ್ತದ ಅಂತ ಎರಡೆರಡು ಸಲ ಕೇಳಿದೆ. ಒಬ್ಬರೂ ಮಾತಾಡ್ಲಿಲ್ಲ. ನೀವು ಇಬ್ಬರೂ ಸತ್ತ ಹೋಗೀರಿ ಅಂತ ತಿಳಕೊಂಡೆ. ಅದಕ್ಕ ಸೀಟು ಗಟ್ಟಿ ಹಿಡಕೊಂಡು ಕೂತೆ. ನಾ ಒಬ್ಬಾಕೀನ ಇಳದು ಎಲ್ಲಿ ಹೋಗಲಿ?"

ನಾನು ಅವರನ್ನು ಎಳೆಯುತ್ತಿದ್ದಾಗ ಅವರು ಯಾಕೆ ಬಿಡಲಿಲ್ಲ ಎಂಬುದು ನನಗೆ ಅಂದು ತಿಳಿಯಿತು ಅಣ್ಣ. ಎಳೆಯುವ ಕೈ ಯಾರದೆಂದೇ ಅವರಿಗೆ ಗೊತ್ತಿರಲಿಲ್ಲ. "ನಾನು ತುಳಸಾ" ಎಂಬ ಎರಡು ಶಬ್ದ ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು.

ಸುಟ್ಟ ಗಾಡಿ ಮತ್ತೆ ಹಿತ್ತಲಿಗೆ ಬಂದಿದೆ. ಮಾರಿಬಿಡೋಣ ಎಂದು ನಾನು, ಇಟ್ಟುಕೊಳ್ಳೋಣ ಎಂದು ಇವರು. ಇನ್ನೂ ತೀರ್ಮಾನವಾಗಿಲ್ಲ. ಸುಟ್ಟ ವೈರುಗಳನ್ನೆಲ್ಲ ಬದಲಿಸಿದ್ದಾರೆ. ಮಾಳಪ್ಪ ಚಪ್ಪಟೆ ಮಾಡಿದ ತುದಿ ಕತ್ತರಿಸಿ, ಕಳೆದ ಭಾನುವಾರ ನೀನು ಕಳಿಸಿದ ಪೈಪು ಹಾಕಿದರು. ಬಲಗೈಗೆ ಇನ್ನೂ ಬಲ ಬಂದಿಲ್ಲ, ಎಡಗೈಯಿಂದ ಒತ್ತಿದರು, ನಾನು ತಾಮ್ರದ ಪೈಪು ಹಿಡಿದುಕೊಂಡೆ. ಬಿಗಿಯಾಗಿ, ಇಷ್ಟಿಷ್ಟೇ ಏರಿತು. "ಜಗ್ಗಿ ನೋಡು," ಎಂದರು. ಕಾಲು ಕೊಟ್ಟು ಜಗ್ಗಿದೆ, ಬರಲಿಲ್ಲ.

ಚಾಲೂ ಮಾಡಿ ನೋಡಬೇಕಿತ್ತು. ನಾನು ಉಸುಕಿನ ಬುಟ್ಟಿ ಹಿಡಿದು ನಿಂತೆ. ಇವರು ಗಾಡಿಯೊಳಗೆ ಕೂತವರು ಗುಂಡಿಗೆ ಕೈ ಹಾಕಿದರು, ಎಳೆಯಲಿಲ್ಲ. ಇಳಿದು ಬಂದರು. ಬೇಡವೆಂದರೇನೋ ಅಂದುಕೊಂಡೆ. ನನ್ನನ್ನು ದಾಟಿ ಮನೆಯೊಳಗೆ ಹೋದರು, ನಾನೂ ಹಿಂದೆ ಹೋದೆ. ಅತ್ತೆಯವರು ಜಗುಲಿಯ ಮೇಲೆ ಕಾಳು ಆರಿಸುತ್ತಿದ್ದರು.

"ಅವ್ವಾ, ಗಾಡಿ ಚಾಲೂ ಮಾಡ್ಲಿಕ್ಕತ್ತೀನಿ. ಸಪ್ಪಳಾಗ್ತದ. ನಾ ಹಿತ್ತಲದಾಗ ಇರ್ತೀನಿ, ತುಳಸಾ ನನ್ನ ಬಾಜೂಕ ಇರ್ತಾಳ. ಕರದ್ರ ಓ ಅಂತೀವಿ."

"ಹೂಂ, ಮಾಡು," ಎಂದರು ಅತ್ತೆ. ಕಾಳಿನ ಮೊರ ಕೆಳಗಿಟ್ಟು, ಎದ್ದು ಬಂದು ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತರು.

ತುಳಸಾ